ಮರಳುಗಾಡಿಗೆ ಹೊರಡುವ ಮೋಟಾರು

1942ನೆಯ ಇಸವಿಯ ಮೇ ತಿಂಗಳಿನಲ್ಲಿ ಲಿಬಿಯಾ ದೇಶದ ಕುಫ್ರಾ ಎಂಬ ಮರುದ್ಯಾನದಿಂದ ಮೂರು ವಿಮಾನಗಳು ಹೊರಟವು. ಅವುಗಳಲ್ಲಿ ದಕ್ಷಿಣ ಆಫ್ರಿಕದ ವಾಯುಸೇನೆಗೆ ಸೇರಿದ ಹನ್ನೆರಡು ಮಂದಿ ಇದ್ದರು. ಸ್ವಲ್ಪ ಹೊತ್ತಿನಲ್ಲಿಯೇ ದಿಕ್ಕು ತಪ್ಪಿ ಆ ವಿಮಾನಗಳು ಮರುಭೂಮಿಯ ನಡುವೆ ಇಳಿಯಬೇಕಾಯಿತು. ಅವು ಒಡೆದು ಬಿದ್ದವುಗಳಲ್ಲ. ಸುರಕ್ಷಿತವಾಗಿಯೇ ನೆಲಕ್ಕೆ ಇಳಿದಿದ್ದವು. ಆದರೆ ಸುಮಾರು ಒಂದು ವಾರದ ಹುಡುಕಾಟ ಮುಗಿಯುವ ವೇಳೆಗೆ ಬಿಸಿಲಿಗೂ ಬಾಯಾರಿಕೆಗೂ ಸಿಕ್ಕಿ ಹನ್ನೊಂದು ಮಂದಿ ಅಸುನೀಗಿದ್ದರು. ಜೀವಂತವಾಗಿ ಉಳಿದವನು ಒಬ್ಬನೇ.

ಇದೇ ಮರುಭೂಮಿಯಲ್ಲಿ, ಈ ಘಟನೆಗೆ ಹತ್ತು ಹದಿನೈದು ವರ್ಷಗಳ ಹಿಂದೆ, ಕೆಲವರು ಸಾಮಾನ್ಯವಾದ ಫೋರ್ಡ್ ಕಾರುಗಳಲ್ಲಿ ಕುಳಿತು ಸಾವಿರಾರು ಕಿಲೋಮೀಟರುಗಳಷ್ಟು ಸಂಚರಿಸಿ ಹಿಂದಿರುಗಿದ್ದರು. ಅವರ ನಾಯಕನಾಗಿದ್ದ ರಾಲ್ಫ್ ಬ್ಯಾಗ್ನಾಲ್ಡ್ ಬ್ರಿಟಿಷ್ ಸೇನೆಯ ಸಂಕೇತ ವಿಭಾಗದಲ್ಲಿ ಅಧಿಕಾರಿ. 1926ರಲ್ಲಿ ಈಜಿಪ್ಟಿಗೆ ಬಂದ ಆತ ರಜೆಯ ದಿನಗಳಲ್ಲಿ ಗೆಳೆಯರೊಡನೆ ಮರಳುಗಾಡನ್ನು ನೋಡಲು ಹೊರಡುತ್ತಿದ್ದ. ಮೊದಲು ಮಾಡೆಲ್ ಟಿ ಎಂಬ ಹಳೆಯ ಕಾರು, ಅನಂತರ 1929, 1930 ಮತ್ತು 1932ರ ಪ್ರವಾಸಗಳಲ್ಲಿ ಮಾಡೆಲ್ ಎ ಎಂಬ ಹೊಸ ಕಾರು ಅವನ ವಾಹನವಾಗಿತ್ತು. ಈ ಎರಡನೆಯ ಕಾರಿನ ಎಂಜಿನಿನ ಸಾಮರ್ಥ್ಯ ಸುಮಾರು 40 ಅಶ್ವಶಕ್ತಿ ಮಾತ್ರ. ಇಂದಿನ ಜೀಪುಗಳಲ್ಲಿರುವಂತೆ ನಾಲ್ಕು ಚಕ್ರಗಳಿಗೂ ಎಂಜಿನಿನ ಬಲ ತಲಪುವ ವ್ಯವಸ್ಥೆ ಅದರಲ್ಲಿರಲಿಲ್ಲ; ಹಿಂದಿನ ಎರಡು ಚಕ್ರಗಳು ಮಾತ್ರ ಗಾಡಿಯನ್ನು ನೂಕುತ್ತಿದ್ದವು.

ಇಷ್ಟು ಸಾಧಾರಣವಾದ ಕಾರು, ಉತ್ತರ ದಕ್ಷಿಣವಾಗಿ ಸುಮಾರು 650 ಕಿಲೋಮೀಟರು ಹಬ್ಬಿರುವ ಈಜಿಪ್ಟಿನ ಮಹಾ ಮರಳುಸಮುದ್ರವನ್ನು ದಾಟಿದುದು ಹೇಗೆ? ದಾರಿಯಿಲ್ಲದ ನೆಲದ ಮೇಲೆ ದೂರ ಪ್ರಯಾಣಕ್ಕಾಗಿ ಒಂದು ವಾಹನವನ್ನು ಸಜ್ಜುಗೊಳಿಸುವುದೆಂದರೆ ದೊಡ್ಡ ಎಂಜಿನನ್ನೂ ಭಾರವಾದ ಸಲಕರಣೆಗಳನ್ನೂ ಕೂಡಿಸುವುದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಬ್ಯಾಗ್ನಾಲ್ಡನ ಕಾರುಗಳು ಇದಕ್ಕೆ ವಿರುದ್ಧವಾದ ಪಾಠವನ್ನು ಹೇಳುತ್ತವೆ. ಅವನು ಕೂಡಿಸಿದುದಕ್ಕಿಂತ ಕಳೆದುದೇ ಹೆಚ್ಚು. ಕೂಡಿಸಿದ ಒಂದೊಂದು ವಸ್ತುವಿನ ಹಿಂದೆಯೂ ಭೌತವಿಜ್ಞಾನದ ಒಂದೊಂದು ಸರಳ ನಿಯಮವಿತ್ತು. ಆ ನಿಯಮಗಳೆಲ್ಲವನ್ನೂ ಪ್ರೌಢಶಾಲೆಯ ವಿದ್ಯಾರ್ಥಿಗಳು ಬಲ್ಲರು. ಅವು ಮರಳಿನ ಮೇಲೆ ಹೇಗೆ ಕೆಲಸ ಮಾಡುತ್ತವೆಂಬುದನ್ನು ಒಂದೊಂದಾಗಿ ಪರಿಶೀಲಿಸೋಣ.

ತೂಕದ ಲೆಕ್ಕ

ಮೊದಲನೆಯದು ತೂಕ. ಹತ್ತು ದಿನಗಳಲ್ಲಿ 1000 ಕಿಲೋಮೀಟರು ಸಂಚರಿಸುವ ಮೂವರು ಪ್ರಯಾಣಿಕರನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಗಟ್ಟಿಯಾದ ರಸ್ತೆಯಲ್ಲಿ ಒಂದು ಲೀಟರ್ ಪೆಟ್ರೋಲಿಗೆ 9 ಕಿಲೋಮೀಟರು ಹೋಗುವ ಕಾರು ಮರಳಿನಲ್ಲಿ 5 ಕಿಲೋಮೀಟರು ಹೋದರೆ ಹೆಚ್ಚು. ಅಂದರೆ 200 ಲೀಟರ್ ಪೆಟ್ರೋಲು ಬೇಕು. ಬಳಸುದಾರಿಗೂ ಆಪತ್ತಿಗೂ ಎಂದು ಅದರ ಕಾಲುಭಾಗವನ್ನು ಸೇರಿಸಿದರೆ 250 ಲೀಟರ್. ಪೆಟ್ರೋಲು ನೀರಿಗಿಂತ ಹಗುರ. ಆದರೂ ಇಷ್ಟರ ತೂಕ ಸುಮಾರು 185 ಕಿಲೋಗ್ರಾಂ. ಒಬ್ಬನಿಗೆ ದಿನಕ್ಕೆ 5 ಲೀಟರಿನಂತೆ ನೀರು 150 ಲೀಟರ್. ಅದು 150 ಕಿಲೋಗ್ರಾಂ. ಆಹಾರ 30 ಕಿಲೋಗ್ರಾಂ. ಹಾಸಿಗೆ, ಸಲಿಕೆ, ಉಪಕರಣಗಳು, ಹೆಚ್ಚುವರಿ ಟೈರು, ಬಿಡಿಭಾಗಗಳು ಎಲ್ಲ ಸೇರಿ 150 ಕಿಲೋಗ್ರಾಂ ಎಂದಿಟ್ಟುಕೊಂಡರೂ ಒಟ್ಟು 515 ಕಿಲೋಗ್ರಾಂ ಆಯಿತು. ಇದಕ್ಕೆ ಮೂವರು ಮನುಷ್ಯರ ತೂಕವನ್ನೂ ಸೇರಿಸಬೇಕು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ತೂಕ ಹೆಚ್ಚಿದಷ್ಟೂ ಪೆಟ್ರೋಲು ಹೆಚ್ಚು ಬೇಕು. ಹೆಚ್ಚಿನ ಪೆಟ್ರೋಲು ತಾನೇ ಒಂದು ತೂಕ. ಸಾಲದ ಬಡ್ಡಿಗೆ ಬಡ್ಡಿ ಬೆಳೆದಂತೆ ಭಾರ ಬೆಳೆಯುತ್ತದೆ. ಆದುದರಿಂದ ಬ್ಯಾಗ್ನಾಲ್ಡನು ಕಾರುಗಳ ಮೇಲ್ಮೈಯ ಅಲಂಕಾರವನ್ನೆಲ್ಲ ತೆಗೆಸಿ, ಸಾಮಾನು ಹೇರಲು ಮರದ ಸರಳವಾದ ಪೆಟ್ಟಿಗೆಯನ್ನು ಹಿಂಭಾಗಕ್ಕೆ ಕೂಡಿಸಿದ. 1940ರಲ್ಲಿ ಅವನೇ ಕಟ್ಟಿದ ಲಾಂಗ್ ರೇಂಜ್ ಡೆಸರ್ಟ್ ಗ್ರೂಪ್ ಎಂಬ ಸೈನಿಕ ದಳ ಬಳಸಿದ ಶೆವರ್ಲೆ ಲಾರಿಗಳಿಗೂ ಇದೇ ನೀತಿ ಅನ್ವಯಿಸಿತು. ಅವುಗಳ ಬಾಗಿಲು, ಚಾವಣಿ, ಮುಂದಿನ ಗಾಜು ಎಲ್ಲವನ್ನೂ ಕಿತ್ತುಹಾಕಲಾಯಿತು. ಕೂಡಿಸಿದುದು ಹೊರೆ ಹೊರುವ ಸ್ಪ್ರಿಂಗುಗಳಿಗೆ ಕೆಲವು ಪಟ್ಟಿಗಳನ್ನು. ಕಲ್ಲುನೆಲದ ಮೇಲೆ ಕುಲುಕಾಡುವಾಗ ಮೊದಲು ಮುರಿಯುವುದು ಸ್ಪ್ರಿಂಗೇ ಆದುದರಿಂದ ಈ ಹೆಚ್ಚಿನ ತೂಕವನ್ನು ಒಪ್ಪಿಕೊಳ್ಳಲೇಬೇಕಾಗಿತ್ತು. ಎಲ್ಲ ವಾಹನಗಳೂ ಒಂದೇ ಮಾದರಿಯವಾಗಿರಬೇಕೆಂಬುದು ಇನ್ನೊಂದು ನಿಯಮ. ಆಗ ಒಂದು ಕಟ್ಟು ಬಿಡಿಭಾಗಗಳು ಎಲ್ಲಕ್ಕೂ ಸಾಕು. ಒಂದು ಗಾಡಿ ಪೂರ್ತಿ ಕೆಟ್ಟರೂ ಅದರ ಅಂಗಗಳು ಉಳಿದವನ್ನು ನಡೆಸಬಲ್ಲವು.

ಪೆಟ್ರೋಲನ್ನು ತುಂಬುವ ಪಾತ್ರೆಯೂ ಒಂದು ಸಮಸ್ಯೆಯೇ ಆಗಿತ್ತು. ಒಂದು ಕಾಲದಲ್ಲಿ ನಮ್ಮ ಮನೆಗಳಲ್ಲಿ ನೀರು ಹೊರಲು ಬಳಸುತ್ತಿದ್ದ ಸೀಮೆಎಣ್ಣೆ ಡಬ್ಬವನ್ನು ಓದುಗರ ಮನೆಯ ಹಿರಿಯರು ಬಲ್ಲರು. ನಾಲ್ಕು ಗ್ಯಾಲನು, ಅಂದರೆ ಸುಮಾರು 18 ಲೀಟರ್ ಹಿಡಿಯುವ ಅದೇ ಬಗೆಯ ತೆಳುತಗಡಿನ ಡಬ್ಬಗಳಲ್ಲಿ ಬ್ರಿಟಿಷರು ಪೆಟ್ರೋಲನ್ನು ಸಾಗಿಸುತ್ತಿದ್ದರು. ಕುಲುಕಾಟಕ್ಕೆ ಬೆಸುಗೆ ಬಿಟ್ಟು ಅವು ಸೋರುತ್ತಿದ್ದವು. ಜರ್ಮನರು 1930ರ ದಶಕದಲ್ಲಿ ರೂಪಿಸಿದ 20 ಲೀಟರಿನ ಉಕ್ಕಿನ ಡಬ್ಬ ಈ ಕೊರತೆಯನ್ನು ನೀಗಿತು. ಅದರ ಪಕ್ಕಗಳಲ್ಲಿ ಅಡ್ಡಡ್ಡವಾಗಿ ಒತ್ತಿದ ಗೆರೆಗಳು ತಗಡಿಗೆ ಬಿಗಿಯನ್ನು ಕೊಡುತ್ತವೆ. ಮೇಲೆ ಉಳಿಯುವ ಗಾಳಿಯ ಜಾಗ, ಬಿಸಿಲಿಗೆ ಹಿಗ್ಗುವ ಪೆಟ್ರೋಲಿಗೆ ಎಡೆಮಾಡಿಕೊಡುತ್ತದೆ. ಮೂರು ಹಿಡಿಗಳಿರುವುದರಿಂದ ಒಬ್ಬನೂ ಇಬ್ಬರೂ ಅದನ್ನು ಸುಲಭವಾಗಿ ಎತ್ತಬಹುದು. ಯುದ್ಧಕಾಲದಲ್ಲಿ ಬ್ರಿಟಿಷರು ಅದನ್ನೇ ಅನುಕರಿಸಿದರು. ಜೆರಿಕ್ಯಾನ್ ಎಂಬ ಹೆಸರಿನಿಂದ ಅದು ಇಂದಿಗೂ ಬಳಕೆಯಲ್ಲಿದೆ.

ಟೈರು ಮತ್ತು ಮರಳು

ಎರಡನೆಯದು ಒತ್ತಡ. ಒಂದು ಇಟ್ಟಿಗೆಯನ್ನು ಸಡಿಲವಾದ ಮರಳಿನ ಮೇಲೆ ಅಗಲವಾದ ಮುಖ ಕೆಳಗಾಗುವಂತೆ ಇಟ್ಟರೆ ಅದು ಹೂಳುವುದಿಲ್ಲ. ಚಿಕ್ಕ ಮುಖದ ಮೇಲೆ ನಿಲ್ಲಿಸಿ ಮೆಲ್ಲಗೆ ಅದುಮಿದರೆ ಹೂಳುತ್ತದೆ. ಇಟ್ಟಿಗೆಯ ತೂಕ ಬದಲಾಗಲಿಲ್ಲ. ತೂಕವನ್ನು ಹೊರುವ ವಿಸ್ತೀರ್ಣ ಬದಲಾಯಿತು. ಒಂಟೆಯ ಪಾದ ಅಗಲವಾಗಿ ಮೆತ್ತಗಿರುವುದರ ಗುಟ್ಟೂ ಇದೇ.

ಗಾಳಿ ತುಂಬಿದ ಟೈರಿನಲ್ಲಿ ಈ ವಿಸ್ತೀರ್ಣವನ್ನು ನಮ್ಮ ಇಚ್ಛೆಯಂತೆ ಬದಲಾಯಿಸಬಹುದು. ಹಿಂದಿನ ಒಂದು ಚಕ್ರದ ಮೇಲೆ 500 ಕಿಲೋಗ್ರಾಂ ಭಾರ ಬೀಳುತ್ತದೆಯೆಂದು ತಿಳಿಯೋಣ. ಟೈರಿನೊಳಗಿನ ಗಾಳಿಯ ಒತ್ತಡ ಒಂದು ಚದರ ಸೆಂಟಿಮೀಟರಿಗೆ 2.5 ಕಿಲೋಗ್ರಾಂ ಇದ್ದರೆ ನೆಲವನ್ನು ಮುಟ್ಟುವ ಭಾಗದ ವಿಸ್ತೀರ್ಣ ಸುಮಾರು 200 ಚದರ ಸೆಂಟಿಮೀಟರು. ಗಾಳಿಯನ್ನು ಬಿಟ್ಟು ಒತ್ತಡವನ್ನು ಅರ್ಧಕ್ಕೆ ಇಳಿಸಿದರೆ ಟೈರು ಚಪ್ಪಟೆಯಾಗಿ ಆ ವಿಸ್ತೀರ್ಣ ಸುಮಾರು 400 ಚದರ ಸೆಂಟಿಮೀಟರಿಗೆ ಏರುತ್ತದೆ. ಟೈರಿನ ಪಕ್ಕಗಳಿಗೂ ಸ್ವಲ್ಪ ಬಿಗಿಯಿರುವುದರಿಂದ ಲೆಕ್ಕ ಸ್ಥೂಲವಾದುದು. ಆದರೆ ತತ್ತ್ವ ಸರಿಯಾದುದು. ಮರಳಿನ ಮೇಲೆ ಬೀಳುವ ಒತ್ತಡ ಅರ್ಧವಾದಾಗ ಚಕ್ರ ಕಡಿಮೆ ಹೂಳುತ್ತದೆ. ಕಡಿಮೆ ಹೂಳಿದ ಚಕ್ರ ತನ್ನ ಮುಂದೆ ಕಡಿಮೆ ಮರಳನ್ನು ನೂಕಬೇಕು. ಎಂಜಿನಿನ ಬಲವನ್ನು ಎಳ್ಳಷ್ಟೂ ಹೆಚ್ಚಿಸದೆ ಗಾಡಿ ಮುಂದೆ ಸಾಗುತ್ತದೆ. ಈ ಕಾರಣಕ್ಕಾಗಿಯೇ ಮರುಭೂಮಿಯ ಲಾರಿಗಳಿಗೆ ಅಗಲವಾದ, ಕಡಿಮೆ ಒತ್ತಡದ ಟೈರುಗಳನ್ನು ಹಾಕಲಾಯಿತು.

ಇದಕ್ಕೆ ಒಂದು ಬೆಲೆಯನ್ನೂ ತೆರಬೇಕು. ಗಾಳಿ ಕಡಿಮೆಯಿರುವ ಟೈರು ಪ್ರತಿ ಸುತ್ತಿನಲ್ಲಿಯೂ ಮಡಿಯುತ್ತ ಬಿಡಿಸಿಕೊಳ್ಳುತ್ತ ಕಾಯುತ್ತದೆ. ಗಟ್ಟಿ ನೆಲದ ಮೇಲೆ ವೇಗವಾಗಿ ಓಡಿಸಿದರೆ ಅದು ಹಾಳಾಗುತ್ತದೆ. ತೀವ್ರವಾದ ತಿರುವಿನಲ್ಲಿ ಚಕ್ರದ ಅಂಚಿನಿಂದ ಕಳಚಿಕೊಳ್ಳಲೂಬಹುದು. ಆದುದರಿಂದ ಗಾಳಿ ಬಿಡುವವನು ಗಾಳಿ ತುಂಬುವ ಪಂಪನ್ನೂ ಒತ್ತಡವನ್ನು ಅಳೆಯುವ ಮಾಪಕವನ್ನೂ ಜೊತೆಯಲ್ಲಿ ಒಯ್ಯಲೇಬೇಕು.

ಇಷ್ಟಾದರೂ ಗಾಡಿ ಹೂಳುವುದುಂಟು. ಅಂತಹ ಸಮಯದಲ್ಲಿ ಚಕ್ರವನ್ನು ಜೋರಾಗಿ ತಿರುಗಿಸುವುದು ತಾನೇ ಗುಂಡಿ ತೋಡಿಕೊಂಡಂತೆ. ಬ್ಯಾಗ್ನಾಲ್ಡನು ಇದಕ್ಕೊಂದು ಉಪಾಯವನ್ನು ಕೈರೋ ನಗರದ ಗುಜರಿ ಅಂಗಡಿಯಲ್ಲಿ ಕಂಡುಕೊಂಡ. ಮೊದಲನೆಯ ಮಹಾಯುದ್ಧದಲ್ಲಿ ನೆಲಮಾಳಿಗೆಗಳ ಚಾವಣಿಗಾಗಿ ಬಳಸುತ್ತಿದ್ದ, ಅಂಚು ಮಡಿಸಿದ ಉಕ್ಕಿನ ಉದ್ದ ಹಲಗೆಗಳು ಅಲ್ಲಿ ಬಿದ್ದಿದ್ದವು. ಚಕ್ರದ ಮುಂದಿನ ಮರಳನ್ನು ಸಲಿಕೆಯಿಂದ ತೆಗೆದು, ಓರೆಯಾಗಿ ಇಂತಹ ಹಲಗೆಯನ್ನು ಚಕ್ರದ ಕೆಳಕ್ಕೆ ತೂರಿಸಿದರೆ, ಭಾರವೆಲ್ಲ ಹಲಗೆಯ ಪೂರ್ತಿ ವಿಸ್ತೀರ್ಣದ ಮೇಲೆ ಹರಡುತ್ತದೆ. ಅದೇ ಇಟ್ಟಿಗೆಯ ಪಾಠ! ಗಾಡಿ ಹಲಗೆಯ ಮೇಲೆ ಏರಿ ವೇಗವನ್ನು ಪಡೆದು ಗಟ್ಟಿ ನೆಲವನ್ನು ಸೇರುವವರೆಗೂ ನಿಲ್ಲುವಂತಿಲ್ಲ. ಜೊತೆಗಾರರು ಹಲಗೆಗಳನ್ನು ಹೊತ್ತುಕೊಂಡು ಅದರ ಹಿಂದೆ ನಡೆಯಬೇಕು. ಇಂದು ಪ್ಲಾಸ್ಟಿಕ್ಕಿನಿಂದಲೂ ಅಲ್ಯುಮಿನಿಯಮ್ಮಿನಿಂದಲೂ ಮಾಡಿದ ಹಗುರವಾದ ಹಲಗೆಗಳು ಸಾಹಸಪ್ರಯಾಣಿಕರ ವಾಹನಗಳ ಮೇಲೆ ಕಾಣುತ್ತವೆ. ಅವುಗಳ ಹಿರಿಯಣ್ಣ ಕೈರೋವಿನ ಆ ಗುಜರಿ ಉಕ್ಕೇ.

ಆವಿಯನ್ನು ಹಿಡಿದಿಟ್ಟ ಡಬ್ಬ

ಮೂರನೆಯದು ನೀರು. ಕಾರಿನ ಎಂಜಿನನ್ನು ತಂಪಾಗಿಡುವ ನೀರು ರೇಡಿಯೇಟರಿನಲ್ಲಿ ಸುತ್ತುತ್ತಿರುತ್ತದೆ. ಮೆತ್ತನೆಯ ಮರಳಿನಲ್ಲಿ ಎಂಜಿನು ಏದುಸಿರುಬಿಡುತ್ತ ನಿಧಾನವಾಗಿ ಸಾಗುವಾಗ, ಅದರಲ್ಲಿಯೂ ಗಾಳಿ ಹಿಂದಿನಿಂದ ಬೀಸುತ್ತಿರುವಾಗ, ರೇಡಿಯೇಟರಿನ ಮೂಲಕ ಗಾಳಿ ಸಾಕಷ್ಟು ಹರಿಯುವುದಿಲ್ಲ. ನೀರು ಕುದಿದು ಆವಿಯಾಗಿ ಹೊರಟುಹೋಗುತ್ತದೆ. ಊರಿನ ರಸ್ತೆಯಲ್ಲಾದರೆ ಹತ್ತಿರದ ಕೊಳಾಯಿಯಿಂದ ಒಂದು ಬಿಂದಿಗೆ ತಂದು ಸುರಿಯಬಹುದು. ಮರುಭೂಮಿಯಲ್ಲಿ ಆ ನೀರು ಬರಬೇಕಾದುದು ಪ್ರಯಾಣಿಕರ ಕುಡಿಯುವ ನೀರಿನಿಂದ. ದಿನಕ್ಕೆ 4 ಲೀಟರ್ ಹೀಗೆ ನಷ್ಟವಾದರೆ ಹತ್ತು ದಿನಕ್ಕೆ 40 ಲೀಟರ್. ನಮ್ಮ ಲೆಕ್ಕದಂತೆ ಒಬ್ಬ ಮನುಷ್ಯನ ಎಂಟು ದಿನಗಳ ಪ್ರಾಣ.

ಇದಕ್ಕೆ ಮಾಡಿದ ಏರ್ಪಾಡು ಅತಿ ಸರಳವಾದುದು. ಮೊದಲನೆಯ ಮಹಾಯುದ್ಧದಲ್ಲಿ ಅದೇ ಮರುಭೂಮಿಯನ್ನು ಕಾಯುತ್ತಿದ್ದ ಫೋರ್ಡ್ ಕಾರುಗಳ ದಳಗಳೂ ಇದನ್ನು ಬಳಸಿದ್ದವು. ರೇಡಿಯೇಟರಿನ ಮುಚ್ಚಳವನ್ನು ಗಾಳಿ ಆಡದಂತೆ ಬಿಗಿಮಾಡಿ, ಆವಿ ಹೊರಹೋಗುವ ಕೊಳವೆಯನ್ನು ಕಾರಿನ ಪಕ್ಕದಲ್ಲಿ ಕಟ್ಟಿದ ಒಂದು ಡಬ್ಬಕ್ಕೆ ಒಯ್ಯಬೇಕು. ಡಬ್ಬದಲ್ಲಿ ಅರ್ಧದಷ್ಟು ನೀರಿರಬೇಕು. ಕೊಳವೆಯ ತುದಿ ಆ ನೀರಿನಲ್ಲಿ ಮುಳುಗಿರಬೇಕು. ಕುದಿದ ಆವಿ ಡಬ್ಬದ ತಣ್ಣೀರಿನೊಳಕ್ಕೆ ನುಗ್ಗಿ ಮತ್ತೆ ನೀರಾಗುತ್ತದೆ.

ಎಷ್ಟು ಆವಿಯನ್ನು ಹೀಗೆ ಹಿಡಿಯಬಹುದು? ಒಂದು ಗ್ರಾಂ ಆವಿ 100 ಡಿಗ್ರಿಯಲ್ಲಿ ನೀರಾಗುವಾಗ ಸುಮಾರು 540 ಕ್ಯಾಲೊರಿ ಗುಪ್ತೋಷ್ಣವನ್ನು ಬಿಟ್ಟುಕೊಡುತ್ತದೆ. ಡಬ್ಬದಲ್ಲಿ 40 ಡಿಗ್ರಿ ಉಷ್ಣತೆಯ 5 ಲೀಟರ್ ನೀರಿದ್ದರೆ ಅದು ಕುದಿಯುವವರೆಗೆ 5000 ಗ್ರಾಂ ಗುಣಿಸು 60 ಡಿಗ್ರಿ, ಅಂದರೆ 3,00,000 ಕ್ಯಾಲೊರಿಗಳನ್ನು ಹೀರಬಲ್ಲದು. ಇದನ್ನು 540ರಿಂದ ಭಾಗಿಸಿದರೆ ಸುಮಾರು 555 ಗ್ರಾಂ. ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು ನೀರು ಆವಿಯಾಗಿ ಬಂದ ಮೇಲೆ ಡಬ್ಬವೇ ಕುದಿಯತೊಡಗುತ್ತದೆ. ಆಗ ಕಾರನ್ನು ನಿಲ್ಲಿಸಬೇಕು.

ಕಾರನ್ನು ಗಾಳಿಗೆ ಎದುರಾಗಿ ತಿರುಗಿಸಿ ನಿಲ್ಲಿಸಿದೊಡನೆ ಒಂದು ಸೊಗಸಾದ ಪ್ರಯೋಗ ನಮ್ಮ ಕಣ್ಣ ಮುಂದೆಯೇ ನಡೆಯುತ್ತದೆ. ರೇಡಿಯೇಟರು ತಣ್ಣಗಾಗುತ್ತದೆ, ಅದರೊಳಗಿನ ಆವಿ ನೀರಾಗಿ ಕುಗ್ಗುತ್ತದೆ, ಒಳಗಿನ ಒತ್ತಡ ಹೊರಗಿನ ವಾಯುಮಂಡಲದ ಒತ್ತಡಕ್ಕಿಂತ ಕಡಿಮೆಯಾಗುತ್ತದೆ. ಡಬ್ಬದ ನೀರನ್ನು ವಾಯುಮಂಡಲವೇ ಅದುಮಿ ಕೊಳವೆಯ ಮೂಲಕ ಮೇಲಕ್ಕೆ ಏರಿಸುತ್ತದೆ. ಗುಳುಗುಳು ಸದ್ದಿನೊಡನೆ ಕಳೆದುಹೋದ ನೀರು ರೇಡಿಯೇಟರಿಗೆ ಹಿಂದಿರುಗುತ್ತದೆ. ಎಳನೀರನ್ನು ಕೊಳವೆಯಿಂದ ಹೀರುವಾಗ ನಡೆಯುವುದೂ ಇದೇ ಅಲ್ಲವೆ? ಆದರೆ ಮುಚ್ಚಳದಲ್ಲಿಯೋ ಬೆಸುಗೆಯಲ್ಲಿಯೋ ಸೂಜಿಮೊನೆಯಷ್ಟು ರಂಧ್ರವಿದ್ದರೂ ಗಾಳಿ ಒಳನುಗ್ಗಿ ನೀರು ಮೇಲೇರುವುದಿಲ್ಲ. ಇಂದಿನ ಕಾರುಗಳಲ್ಲಿ ರೇಡಿಯೇಟರಿನ ಪಕ್ಕದಲ್ಲಿರುವ ಪ್ಲಾಸ್ಟಿಕ್ ಡಬ್ಬ ಬಹುಮಟ್ಟಿಗೆ ಇದೇ ತತ್ತ್ವವನ್ನು ಅನುಸರಿಸುತ್ತದೆ.

ನೆರಳು ತೋರಿಸಿದ ದಾರಿ

ನಾಲ್ಕನೆಯದು ದಿಕ್ಕು. ಗುರುತುಗಳಿಲ್ಲದ ನೆಲದ ಮೇಲೆ ದಿಕ್ಕಿನಲ್ಲಿ ಒಂದು ಡಿಗ್ರಿ ತಪ್ಪಿದರೆ 100 ಕಿಲೋಮೀಟರು ಸಾಗುವಷ್ಟರಲ್ಲಿ ನಾವು ಸುಮಾರು 1.7 ಕಿಲೋಮೀಟರು ಪಕ್ಕಕ್ಕೆ ಸರಿದಿರುತ್ತೇವೆ. ಐದು ಡಿಗ್ರಿ ತಪ್ಪಿದರೆ ಸುಮಾರು 8.7 ಕಿಲೋಮೀಟರು. ಮೊದಲೇ ಹೂತಿಟ್ಟ ಪೆಟ್ರೋಲಿನ ರಾಶಿಯೋ ನೀರಿನ ಬಾವಿಯೋ ಅಷ್ಟು ದೂರದಿಂದ ಕಣ್ಣಿಗೆ ಬೀಳುವುದಿಲ್ಲ. ಲೇಖನದ ಮೊದಲಿನಲ್ಲಿ ಹೇಳಿದ ವಿಮಾನಗಳಿಗೆ ಒದಗಿದ ವಿಪತ್ತಿನ ಮೂಲ ಇಂತಹ ದಿಕ್ಕಿನ ತಪ್ಪೇ.

ಕಾಂತ ದಿಕ್ಸೂಚಿಯನ್ನು ಕಾರಿನಲ್ಲಿ ನಂಬುವಂತಿಲ್ಲ. ಸುತ್ತಲೂ ಇರುವ ಕಬ್ಬಿಣ ಅದರ ಮುಳ್ಳನ್ನು ಸೆಳೆಯುತ್ತದೆ. ಡಬ್ಬಗಳನ್ನು ಸ್ಥಳದಿಂದ ಸ್ಥಳಕ್ಕೆ ಬದಲಿಸಿದರೆ ಆ ದೋಷವೂ ಬದಲಾಗುತ್ತದೆ. ಪ್ರತಿ ಸಲವೂ ಕಾರನ್ನು ನಿಲ್ಲಿಸಿ, ಇಳಿದು ದೂರ ಹೋಗಿ ನೋಡುವುದು ಕಷ್ಟ. ಆದುದರಿಂದ ಬ್ಯಾಗ್ನಾಲ್ಡನು ಸೂರ್ಯ ದಿಕ್ಸೂಚಿಯನ್ನು ಸುಧಾರಿಸಿ ಚಾಲಕನ ಮುಂದೆ ಕೂಡಿಸಿದ. ಅದು 360 ಡಿಗ್ರಿಗಳ ಗುರುತುಗಳುಳ್ಳ ಸಮತಲವಾದ ಒಂದು ಬಿಲ್ಲೆ. ನಡುವೆ ನೆಟ್ಟಗೆ ನಿಂತ ಒಂದು ಸೂಜಿ. ಸೂಜಿಯ ನೆರಳು ಬಿಲ್ಲೆಯ ಮೇಲೆ ಬೀಳುತ್ತದೆ. ಇಂತಹ ಅಕ್ಷಾಂಶದಲ್ಲಿ, ಇಂತಹ ದಿನ, ಇಷ್ಟು ಗಂಟೆಗೆ ಸೂರ್ಯ ಯಾವ ದಿಕ್ಕಿನಲ್ಲಿರುವನೆಂಬುದನ್ನು ಕೋಷ್ಟಕಗಳಿಂದ ತಿಳಿಯಬಹುದು. ಅದಕ್ಕೆ ತಕ್ಕಂತೆ ಬಿಲ್ಲೆಯನ್ನು ಆಗಾಗ್ಗೆ ತಿರುಗಿಸುತ್ತ, ನೆರಳು ಗೊತ್ತಾದ ಗುರುತಿನ ಮೇಲೆಯೇ ಇರುವಂತೆ ಚಾಲಕನು ಕಾರನ್ನು ನಡೆಸಿದರೆ ಸಾಕು. ಕಬ್ಬಿಣ ನೆರಳನ್ನು ಸೆಳೆಯಲಾರದು.

ಆದರೆ ಈ ಸಾಧನಕ್ಕೂ ಒಂದು ಮಿತಿಯುಂಟು. ಬೆಂಗಳೂರಿನಲ್ಲಿ ಏಪ್ರಿಲ್ 24ರ ಮತ್ತು ಆಗಸ್ಟ್ 18ರ ಸುಮಾರಿಗೆ ಮಧ್ಯಾಹ್ನ ನೆಟ್ಟ ಕೋಲಿಗೆ ನೆರಳೇ ಇಲ್ಲದಂತಾಗುವುದನ್ನು ನಮ್ಮ ವಿದ್ಯಾರ್ಥಿಗಳು ನೋಡಿರಬಹುದು. ಕರ್ಕಾಟಕ ಸಂಕ್ರಾಂತಿವೃತ್ತದ ಬಳಿಯಿರುವ ಲಿಬಿಯಾದ ಮರುಭೂಮಿಯಲ್ಲಿಯೂ ಬೇಸಗೆಯ ನಡುಹಗಲು ಸೂರ್ಯ ನೆತ್ತಿಗೆ ಬಂದು ನೆರಳು ಅತಿ ಮೊಟಕಾಗುತ್ತದೆ. ಆಗ ದಿಕ್ಕು ತಿಳಿಯದು; ಪ್ರಯಾಣಿಕರು ನಿಂತು ವಿಶ್ರಮಿಸಬೇಕು.

ರಾತ್ರಿ ನಕ್ಷತ್ರಗಳ ಎತ್ತರವನ್ನು ಥಿಯೊಡೊಲೈಟಿನಿಂದ ಅಳೆದು ನಿಂತ ಸ್ಥಳವನ್ನು ಲೆಕ್ಕಹಾಕುತ್ತಿದ್ದರು. ಇದಕ್ಕೆ ಸರಿಯಾದ ಗಡಿಯಾರ ಬೇಕು. ಭೂಮಿ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ತಿರುಗುತ್ತದೆ. ಆದುದರಿಂದ ಗಡಿಯಾರ ನಾಲ್ಕು ಸೆಕೆಂಡು ತಪ್ಪಿದರೆ ಆ ಅಕ್ಷಾಂಶದಲ್ಲಿ ಸ್ಥಳವೂ ಸುಮಾರು 1.7 ಕಿಲೋಮೀಟರು ತಪ್ಪುತ್ತದೆ. ರೇಡಿಯೋದಲ್ಲಿ ಬರುವ ವೇಳೆಯ ಸಂಕೇತದೊಡನೆ ಗಡಿಯಾರವನ್ನು ಹೋಲಿಸಿ ನೋಡುವುದು ಆದುದರಿಂದ ನಿತ್ಯವಿಧಿಯಾಗಿತ್ತು. ಇಂದು ಕೃತಕ ಉಪಗ್ರಹಗಳು ಈ ಕೆಲಸವನ್ನು ಕ್ಷಣದಲ್ಲಿ ಮಾಡಿಕೊಡುತ್ತವೆ. ಆದರೂ ಉಪಗ್ರಹದ ಸಾಧನ ಕೆಟ್ಟಾಗಲೋ ಅದರ ಬ್ಯಾಟರಿ ಮುಗಿದಾಗಲೋ ಮುಂದೇನೆಂಬುದನ್ನು ಬಲ್ಲವನೇ ಜಾಣ ಪ್ರಯಾಣಿಕ.

ಕಲಿತ ಪಾಠ

ರಜೆಯ ದಿನಗಳ ಈ ಹವ್ಯಾಸ ಮುಂದೆ ಎರಡು ಫಲಗಳನ್ನು ಕೊಟ್ಟಿತು. 1940ರ ಬೇಸಗೆಯಲ್ಲಿ ಕಟ್ಟಿದ ಸೈನಿಕ ದಳವೊಂದು. ಮೊದಲು ಅದರಲ್ಲಿ ನ್ಯೂಜಿಲೆಂಡಿನ ಯೋಧರಿದ್ದರು. ಭಾರತದ ಅಶ್ವದಳಗಳಿಂದ ಆರಿಸಿದ ಯೋಧರ ತುಕಡಿಯೊಂದೂ ಇದೇ ಬಗೆಯ ದೂರಸಂಚಾರಕ್ಕಾಗಿ ಸಿದ್ಧವಾಗಿ ಮುಂದೆ ಆ ದಳದೊಡನೆ ಸೇರಿ ಕೆಲಸ ಮಾಡಿತು. ಎರಡನೆಯ ಫಲ ವಿಜ್ಞಾನಕ್ಕೆ ಸೇರಿದುದು. ತನ್ನ ಕಾರನ್ನು ಹೂಳಿಸಿದ ಮರಳು ಏಕೆ ಒಂದು ಕಡೆ ಗಟ್ಟಿಯಾಗಿಯೂ ಇನ್ನೊಂದು ಕಡೆ ಸಡಿಲವಾಗಿಯೂ ಇರುತ್ತದೆ, ಗಾಳಿ ಅದನ್ನು ಹೇಗೆ ಹೊತ್ತು ದಿಣ್ಣೆಗಳನ್ನು ಕಟ್ಟುತ್ತದೆ ಎಂಬ ಪ್ರಶ್ನೆಗಳು ಬ್ಯಾಗ್ನಾಲ್ಡನನ್ನು ಬಿಡಲಿಲ್ಲ. ಅವನು ಲಂಡನ್ನಿನಲ್ಲಿ ಗಾಳಿಸುರಂಗವನ್ನು ಕಟ್ಟಿ ಪ್ರಯೋಗಗಳನ್ನು ನಡೆಸಿದ. ಅವುಗಳ ಫಲವಾಗಿ 1941ರಲ್ಲಿ ಪ್ರಕಟವಾದ ಗ್ರಂಥ ಆ ಶಾಸ್ತ್ರಕ್ಕೆ ಅಡಿಗಲ್ಲಾಯಿತು. 1944ರಲ್ಲಿ ರಾಯಲ್ ಸೊಸೈಟಿ ಅವನನ್ನು ತನ್ನ ಸದಸ್ಯನನ್ನಾಗಿ ಆರಿಸಿಕೊಂಡಿತು.

ಮಂಗಳ ಗ್ರಹದ ಒಂದು ಮರಳುದಿಣ್ಣೆಗಳ ಪ್ರದೇಶಕ್ಕೆ ಇಂದು ಅವನ ಹೆಸರಿದೆ. ಕ್ಯೂರಿಯಾಸಿಟಿ ಎಂಬ ಯಂತ್ರವಾಹನ 2015ರ ಕೊನೆಯಲ್ಲಿ ಅಲ್ಲಿಗೆ ತಲಪಿ ಆ ದಿಣ್ಣೆಗಳನ್ನು ಪರೀಕ್ಷಿಸಿತು. ಅದೇ ಗ್ರಹದ ಇನ್ನೊಂದೆಡೆಯಲ್ಲಿ, 2009ರಲ್ಲಿ, ಸ್ಪಿರಿಟ್ ಎಂಬ ಮತ್ತೊಂದು ವಾಹನ ಸಡಿಲವಾದ ಮಣ್ಣಿನಲ್ಲಿ ಚಕ್ರ ಹೂತು ಸಿಕ್ಕಿಕೊಂಡಿತು. ಭೂಮಿಯಿಂದ ಎಷ್ಟು ಪ್ರಯತ್ನಿಸಿದರೂ ಅದು ಮೇಲೇಳಲಿಲ್ಲ. ಮುಂದಿನ ವರ್ಷ ಅದರ ಧ್ವನಿಯೂ ನಿಂತುಹೋಯಿತು. ಅದರ ಚಕ್ರಗಳ ಕೆಳಗೆ ಉಕ್ಕಿನ ಹಲಗೆಯನ್ನು ತೂರಿಸುವವರು ಅಲ್ಲಿ ಯಾರಿದ್ದರು?

ನಮ್ಮ ವಿದ್ಯಾರ್ಥಿಗಳು ಎಂದಾದರೊಂದು ದಿನ ಜೀಪನ್ನೋ ಮೋಟಾರು ಸೈಕಲ್ಲನ್ನೋ ದೂರದ ಹಾದಿಗೆ ಸಜ್ಜುಗೊಳಿಸಬಹುದು. ಆಗ ಅಂಗಡಿಯಲ್ಲಿ ಹೊಳೆಯುವ ಸಲಕರಣೆಗಳನ್ನು ಕೊಳ್ಳುವ ಮೊದಲು ಕಾಗದವನ್ನೂ ಸೀಸದಕಡ್ಡಿಯನ್ನೂ ಹಿಡಿದು ಕುಳಿತುಕೊಳ್ಳಲಿ. ತೂಕವೆಷ್ಟು, ನೀರೆಷ್ಟು, ಪೆಟ್ರೋಲೆಷ್ಟು, ದಾರಿ ತಪ್ಪಿದರೆ ಗತಿಯೇನು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರವನ್ನು ಬರೆಯಲಿ. ಆ ಉತ್ತರಗಳಲ್ಲಿ ಬೇಕೆಂದು ಕಾಣದ ವಸ್ತು ಗಾಡಿಯಲ್ಲಿಯೂ ಬೇಡ. ಬ್ಯಾಗ್ನಾಲ್ಡನೂ ಅವನ ಗೆಳೆಯರೂ ಮರಳುಸಮುದ್ರದಿಂದ ಜೀವಸಹಿತ ಹಿಂದಿರುಗಿದುದು ಈ ಲೆಕ್ಕವನ್ನು ಹೊರಡುವ ಮೊದಲೇ ಮಾಡಿದ್ದುದರಿಂದ.